ಅಕ್ಕೋರು ಇಳಿಸದ ಕೈ

ಮೊನ್ನೆ ಇಚಲಕರಂಜಿಯಲ್ಲಿ ಬಸ್ಸಿಳಿದಾಗ ನೂಲಿಗೆ ಹಾಕುವ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಗಡಹಿಂಗ್ಲಜದ ಕಾಲೇಜಿನಲ್ಲಿ ನನಗೆ ಸಂಶೋಧನೆ ಕಲಿಸಿದ ಅಕ್ಕೋರು ನೆನಪಾದರು. ಅವರ ಸೀರೆಗೂ ಇದೇ ವಾಸನೆ ಇರುತ್ತಿತ್ತು...

ಹತ್ತಿಯ ಧೂಳು ಮಗ್ಗದವರ ಉಸಿರಿಗೆ ಏನು ಮಾಡುತ್ತದೆ ಎಂಬುದು ಅವರ ಅಧ್ಯಯನ. ಇಚಲಕರಂಜಿಯ ಪಕ್ಕದ ಕೊರೋಚಿಯಲ್ಲಿ ಮಗ್ಗದ ಶೆಡ್ಡುಗಳ ಮುಂದೆ ಪಾಳಿ ಬದಲಾಗುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆವು. ಕೆಲಸ ಮುಗಿದ ಮೇಲೆ ಅಂಕಿ-ಅಂಶಗಳನ್ನೆಲ್ಲ ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿಟ್ಟರು. ಫಲಿತಾಂಶವನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದು ಶೆಡ್ಡಿನ ಮುಂದೆ ಓದಿ ಹೇಳಿದರು. "ಉಸುರು ಅವರದು. ಸುದ್ದಿ ಮೊದಲ ಅವರಿಗೇ ಮುಟ್ಟಬೇಕು" ಅನ್ನುತ್ತಿದ್ದರು. ಅದನ್ನು ಕೇಳಿದ ಮೇಲೆಯೇ ಕೆಲಸಗಾರರು ಪಟ್ಟು ಹಿಡಿದು ಗಾಳಿಯ ಕಿಂಡಿಗಳನ್ನು ಮಾಡಿಸಿಕೊಂಡರು.

ಮುಂದೆ, ಹೀಗೆ ಸಂಶೋಧನೆಯನ್ನು ಎಲ್ಲರಿಗೂ ತೆರೆದಿಡುವ ಮುಕ್ತ ವಿಜ್ಞಾನ ಎಲ್ಲೆಲ್ಲಿ ಎಷ್ಟು ನಡೆದಿದೆ ಎಂದು ಅಳೆಯಲು ಎಲ್ಲ ದೇಶಗಳೂ ಒಪ್ಪುವ ತತ್ವಗಳನ್ನು ರೂಪಿಸುವ ಕೆಲಸ ಶುರುವಾಯಿತು. ಕರಡಿನ ಬಗ್ಗೆ ಅಭಿಪ್ರಾಯ ಹೇಳಲು ಅಕ್ಕೋರಿಗೂ ಕರೆ ಬಂತು. ಕರಡಿನಲ್ಲಿ ಅಳತೆಯೆಲ್ಲ ದೊಡ್ಡ ಇಂಗ್ಲಿಷ್ ಸಂಶೋಧನಾ ಪತ್ರಿಕೆಗಳ ಮೇಲೆ ನಿಂತಿತ್ತು. ಅಲ್ಲಿ ಕೊರೋಚಿಯ ಸುದ್ದಿಯೇ ಇಲ್ಲ. ಅದು ಹಾಗೇ ಉಳಿದರೆ ಇಂಥ ಕೆಲಸಕ್ಕೆ ನಾಳೆ ಯಾರೂ ಬೆಂಬಲ ಕೊಡುವಂತಿರಲಿಲ್ಲ.

ಆಗಲೇ ಅವರಿಗೆ ಕಾಯಿಲೆ. ಕೊಲ್ಹಾಪುರದ ನನ್ನ ಮನೆಯಲ್ಲಿದ್ದು ಚಿಕಿತ್ಸೆ ಪಡೆಯುತ್ತಿದ್ದರು.

"ಅಕ್ಕೋರ, ಬರದು ಕಳಸ್ರಿ, ಸಾಕು" ಅಂದೆ.

"ಬರದದ್ದನ್ನ ಬದಿಗಿಡತಾರವಾ. ಎದುರಿಗೆ ಕುಂತ್ರ ಕೇಳಲೇಬೇಕು."

ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಸಭೆ. ಅಕ್ಕೋರು ಬೇರೆ ಭಾಷೆಗಳ ವಿಷಯ ತೆಗೆದರೆ, ಅದನ್ನು ಮುಂದೆ ನೋಡೋಣ ಎಂದು ಅಧ್ಯಕ್ಷರು ನಯವಾಗಿ ಇನ್ನೊಂದು ಅಂಶಕ್ಕೆ ಹೊರಳಿದರು. ಅಕ್ಕೋರು ಎತ್ತಿದ ಕೈ ಇಳಿಸಲಿಲ್ಲ. ಮತ್ತೆ ಅವಕಾಶ ಸಿಕ್ಕಾಗ ತಮ್ಮ ಗಡಹಿಂಗ್ಲಜದ ಇಂಗ್ಲಿಷಿನಲ್ಲಿ ಹೇಳಿದರು: "ನಿಮ್ಮ ಲೆಕ್ಕದಲ್ಲಿ ನಾವು ಸೊನ್ನೆ. ಆದರೆ ನೀವು ನಮ್ಮನ್ನು ನೋಡಿಯೇ ಇಲ್ಲ. ನೋಡಿಲ್ಲ ಎಂದು ಬರೆಯಿರಿ. ಇಲ್ಲ ಎಂದು ಬರೆಯಬೇಡಿ."

ಆಗ ಆಫ್ರಿಕಾದ ಒಬ್ಬ ಹೆಣ್ಣುಮಗಳು ತಮ್ಮದೂ ಅದೇ ಮಾತು ಎಂದರು. ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಪರದೆಯ ತುಂಬ ಕೈಗಳು! ಅಧ್ಯಕ್ಷರು ಆ ಅಂಶವನ್ನು ಮತ್ತೆ ಚರ್ಚೆಗೆ ತೆಗೆದುಕೊಂಡರು.

ಕೊನೆಯ ರೂಪದಲ್ಲಿ ಅಕ್ಕೋರ ಮಾತು ನಿಂತಿತ್ತು: ಅಳೆಯುವವರು ಯಾವ ಭಾಷೆ, ಯಾವ ಕೆಲಸ ಬಿಟ್ಟಿದ್ದೇವೆಂದು ಬಹಿರಂಗವಾಗಿ ಹೇಳಬೇಕು, ಅವರ ಅಳತೆಯನ್ನೂ ಯಾರು ಬೇಕಾದರೂ ಪರೀಕ್ಷಿಸುವಂತಿರಬೇಕು. ಕೊರೋಚಿಗೆ ಹೋಗಿ ಓದಿ ಹೇಳಿದೆವು.

"ಅಂದ್ರ ನಮ್ಮನ್ನೂ ಎಣಸತಾರೇನ್ರಿ?" ಹಿರಿಯ ನೇಕಾರರೊಬ್ಬರು ಕೇಳಿದರು.

"ಹೌದ್ರಿ. ಬಿಟ್ರ, ಬಿಟ್ಟೇವಿ ಅಂತ ಜಗತ್ತಿಗೆ ಹೇಳಬೇಕಾಗತೈತಿ" ಅಂದೆ.

ಚಪ್ಪಾಳೆ ಬಿತ್ತು. ನಿಲ್ಲಲಾರದೆ ನನ್ನ ತೋಳು ಹಿಡಿದಿದ್ದ ಅಕ್ಕೋರು ಹುಡುಗಿಯಂತೆ "ಜಿಂಕಲೋ!" ಎಂದು ಮರಾಠಿಯಲ್ಲಿ ಕೂಗಿದರು. ಗೆದ್ದೆವು! ಅಷ್ಟು ಜೋರು ದನಿ ಅವರಲ್ಲಿ ಇನ್ನೂ ಉಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ಆ ದೀಪಾವಳಿಗೆ ಅವರಿರಲಿಲ್ಲ.

ಈಗ ಅಧ್ಯಯನ ಮುಂದುವರಿದಿದೆ, ಬೆಂಬಲವೂ ಸಿಕ್ಕಿದೆ. ಮೊನ್ನೆ ಹೋದದ್ದು ಹೊಸ ಫಲಿತಾಂಶ ಓದಿ ಹೇಳಲಿಕ್ಕೆ. ಶೆಡ್ಡು ತುಂಬಿತ್ತು. ನಡುವೆ ಒಂದು ಮರಾಠಿ ಮಾತಿಗೆ ಕನ್ನಡ ಹೊಳೆಯಲಿಲ್ಲ. ಅಕ್ಕೋರನ್ನು ಕೇಳೋಣವೆಂದು ಪಕ್ಕಕ್ಕೆ ತಿರುಗಿದೆ...