ಕೆರೆ ಅಂಚಿನ ಹುರುಳಿ

ಓದುವ ಎಲ್ಲರಿಗೂ ನಮಸ್ಕಾರ. ವಯಸ್ಸಾದ ಮೇಲೆ ಓದು ಕಲಿತವನು ನಾನು, ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಮನ್ನಿಸಿ. ಇನ್ನೊಂದು ತಪ್ಪಿದೆ, ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತಿಲ್ಲ — ನಮ್ಮ ಕೆರೆಯ ಹೆಬ್ಬಾತುಗಳು ಸತ್ತದ್ದು ನನ್ನಿಂದ. ಅಪವಾದ ಹೊತ್ತವನು ಮೀನು ಹಿಡಿಯುವ ಮಹದೇವ.

ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ನಮ್ಮ ಊರು. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆಂದೇ ಕೆರೆಯನ್ನು ಕಾಯ್ದಿಟ್ಟಿದ್ದಾರೆ. ಹಿಂದಿನಿಂದ ಬಂದ ರೂಢಿಯೆಂದು ಮಹದೇವನಿಗೆ ಮಾತ್ರ ಒಂದು ಮೂಲೆಯಲ್ಲಿ ಬಲೆ ಬಿಡಲು ಬಿಟ್ಟಿದ್ದರು. ನನಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಮೈಸೂರಿನಿಂದ ಬಂದವರಿಗೆ ಹಕ್ಕಿ ತೋರಿಸುತ್ತಿದ್ದೆ. ಅವರೇ ಕೊಟ್ಟ ದುರ್ಬೀನು ನನ್ನ ಕೊರಳಲ್ಲಿ. ಮಹದೇವ ಹರಿಗೋಲಿನಿಂದಲೇ ರೇಗಿಸುತ್ತಿದ್ದ — "ಏನಣ್ಣಾ, ಬಾತು ನೋಡ್ತಿದ್ದೀಯೋ, ನನ್ ಬುಟ್ಟೀಲಿರೋ ಮೀನ್ ನೋಡ್ತಿದ್ದೀಯೋ?"

ಕೆರೆ ಅಂಚಿಗೆ ನಮ್ಮ ತುಂಡು ಜಮೀನು. ನೀರು ಹಿಂದೆ ಸರಿದ ಹಸಿಯಲ್ಲಿ ಹುರುಳಿ ಚೆಲ್ಲುವುದು ನಮ್ಮ ಕಡೆ ವಾಡಿಕೆ. ಇರುವೆ ಹೊತ್ತೊಯ್ಯದಿರಲೆಂದು ಬೀಜಕ್ಕೆ ಔಷಧಿ ಕಲಸುತ್ತೇವೆ, ಚೆಲ್ಲಿದ ಕೂಡಲೇ ಮಣ್ಣು ಮುಚ್ಚುತ್ತೇವೆ. ಅವತ್ತು ಚೆಲ್ಲಿ ಮುಗಿಸುವಷ್ಟರಲ್ಲಿ ಏರಿಯ ಮೇಲೆ ಕಾರು ನಿಂತಿತು. ಕೈ ತೊಳೆದು ಓಡಿದೆ. ಹಕ್ಕಿ ತೋರಿಸಿದೆ, ಅವರು ಹೊಗಳಿದರು, ಹಾಗೇ ಡ್ಯೂಟಿಗೆ ಹೋದೆ. ಬೀಜ ಬಯಲಲ್ಲೇ ಉಳಿಯಿತು. ಮರೆತೆ ಎಂದು ಬರೆದರೆ ಸುಳ್ಳು — ಬಸ್ಸಿನಲ್ಲಿ ನೆನಪಾಯಿತು. ನಾಳೆ ಮುಚ್ಚಿದರಾಯಿತು ಅಂದುಕೊಂಡೆ.

ಮರುದಿನ ಬೆಳಕು ಹರಿದಾಗ ಹೆಬ್ಬಾತುಗಳು ಅಂಚಿನಲ್ಲಿ ಕತ್ತು ಚಾಚಿ ಬಿದ್ದಿದ್ದವು. ಒಂದು ಇನ್ನೂ ರೆಕ್ಕೆ ಬಡಿಯುತ್ತಿತ್ತು. ನಾನು ಮೊದಲು ಮಾಡಿದ್ದು — ಉಳಿದ ಬೀಜದ ಮೇಲೆ ಮಣ್ಣು ಎಳೆದದ್ದು.

ಜನ ಸೇರಿದರು. ಕೆರೆ ಕಾಯುವ ಗಾರ್ಡು ಕೇಳಿದ, "ಯಾರ್ ಕೆಲಸ ಇದು? ನೀನು ದಿನಾ ಇರ್ತೀಯಲ್ಲ."

"ನಂಗೊತ್ತಿಲ್ಲ ಸಾ," ಅಂದೆ. "ಬೆಳಗಾಗೋಕ್ ಮುಂಚೆ ನೀರಿಗಿಳಿಯೋನು ಮಾದೇವ ಒಬ್ನೇ."

ಅಷ್ಟೇ ಅಂದದ್ದು. ಅಷ್ಟು ಸಾಕಾಯಿತು. ಮೀನಿಗೆಂದು ಅವನೇ ನೀರಿಗೆ ವಿಷ ಹಾಕಿರಬೇಕೆಂದು ಜನ ಅಂದರು.

ಮಹದೇವ ನನ್ನ ಕಡೆ ತಿರುಗಿದ. "ಅಣ್ಣಾ, ನೀನಾರಾ ಒಂದ್ ಮಾತಾಡು. ನಾನು ವಿಸ ಆಕೋನಾ?"

ನಾನು ದುರ್ಬೀನನ್ನು ಕಣ್ಣಿಗೆ ಹಿಡಿದೆ. ನೀರಿನ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ.

ಸಾಕ್ಷಿ ಸಿಗದೆ ಕೇಸು ನಿಲ್ಲಲಿಲ್ಲ. ಆದರೆ ಅವನನ್ನು ಮತ್ತೆ ಕೆರೆಗೆ ಇಳಿಸಲಿಲ್ಲ. ಹರಿಗೋಲು ಅವನ ಮನೆ ಹಿಂದೆ ಬೋರಲು ಬಿದ್ದು ಒಣಗಿ ಸೀಳಿಹೋಯಿತು. ಈಗ ತಾಂಡ್ಯದಲ್ಲಿ ಲಾರಿಗೆ ಮೂಟೆ ಹೊರುತ್ತಾನೆ. ಊರಲ್ಲಿ ಇವತ್ತಿಗೂ ಅವನು 'ವಿಸದ ಮಾದೇವ'. ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ. ಚಳಿ ಶುರುವಾದರೆ ಪಕ್ಕದಲ್ಲಿ ಕೂತು ಕೇಳುತ್ತಾನೆ — "ಎಬ್ಬಾತು ಬಂದ್ವಾಣ್ಣಾ?"

ಈ ಸಲವೂ ಕೇಳಿದ. "ಬಂದವೆ" ಅಂದೆ. ಅದರ ಮುಂದಿನ ಮಾತು —

ಭಾನುವಾರ ಊರಿನವರ ಎದುರು ಹೇಳುತ್ತೇನೆ. ಅದಕ್ಕೂ ಮೊದಲು ಅವನ ಬಾಗಿಲಿಗೆ ಹೋಗಬೇಕು. ನಿಮ್ಮಲ್ಲಿ ಯಾರಾದರೂ ತಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಆಮೇಲೆ ಅವರ ಮುಂದೆ ಹೋಗಿ ನಿಂತಿದ್ದರೆ, ಮೊದಲ ಮಾತು ಏನಂತ ಆಡಿದಿರಿ — ದಯವಿಟ್ಟು ಬರೆದು ತಿಳಿಸಿ. ನನಗೆ ಅದು ಸಿಗುತ್ತಿಲ್ಲ.