ಜಂಬಮ್ಮನ ಕಂಪ್ಯೂಟರ್ ಯಾರ ಜೊತೆ ಮಾತಾಡುತ್ತದೆ?

ಸಿಂಧನೂರಿನ ಭತ್ತದ ಬಜಾರಿನಲ್ಲಿ ಗಂಡಸರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಿದ್ದ ಕಾಲದಿಂದಲೂ ಜಂಬಮ್ಮ ವ್ಯಾಪಾರದಲ್ಲಿದ್ದಾಳೆ. ಹೆಂಗಸಿನ ಕೈ ಹಿಡಿಯುವ ಧೈರ್ಯ ಯಾರಿಗೂ ಇರಲಿಲ್ಲ. ಹಿಡಿದರೆ ಆ ಕೈ ಇಡಿಯಾಗಿ ವಾಪಸ್ಸು ಬರುತ್ತದೆಂಬ ಖಾತ್ರಿಯೂ ಇರಲಿಲ್ಲ. ಅವಳು ದರವನ್ನು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ ಮಾರುವವನ ಅಂಗೈಯಲ್ಲಿಡುತ್ತಿದ್ದಳು. ಚೀಟಿ ಬಿಚ್ಚುವ ಮುಂಚೆ ಅದು ಅವಳ ಗಂಡನಿಗೂ ಗೊತ್ತಾಗುತ್ತಿರಲಿಲ್ಲ.

ಈಗ ಟೆಂಡರು ಆನ್‌ಲೈನ್; ಒಬ್ಬರು ಹಾಕಿದ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ ಜಂಬಮ್ಮ ದರ ಹೇಳುವುದು, ಗುಮಾಸ್ತ ಶಿವಪ್ರಸಾದ ಕಂಪ್ಯೂಟರಿನಲ್ಲಿ ತುಂಬುವುದು. ಈ ಸುಗ್ಗಿಯಲ್ಲಿ ಮೂರು ಸಲ ಒಳ್ಳೆಯ ಮಾಲು ಒಂದೇ ರೂಪಾಯಿ ಅಂತರದಲ್ಲಿ ಕೈತಪ್ಪಿತು. ದರ ಗೊತ್ತಿದ್ದದ್ದು ಇಬ್ಬರಿಗೇ. ತಾನಂತೂ ಬಾಯಿ ಬಿಟ್ಟಿಲ್ಲ. ಅಂಗಡಿ ಕಟ್ಟೆಯ ಮೇಲೆ, ಹಮಾಲರು ರೈತರು ನೋಡುತ್ತಿದ್ದಂತೆ, ಹನ್ನೊಂದು ವರ್ಷದಿಂದ ಜೊತೆಗಿದ್ದ ಗುಮಾಸ್ತನಿಗೆ "ನನ್ನ ದರ ಮಾರ್ಕೊಂಡು ತಿಂದಿ, ಕಳ್ಳ! ಇಳಿ ಕೆಳಗ" ಎಂದಳು. ಅವನು ಇಳಿದು ಹೋದ.

ವಾರದ ಮೇಲೆ ಸೊಸೆ ಅಮೂಲ್ಯಾ, ಇಂಟರ್ನೆಟ್ ಇಷ್ಟು ಬೇಗ ಯಾಕೆ ಖಾಲಿಯಾಗುತ್ತಿದೆಯೆಂದು ಕಂಪ್ಯೂಟರಿನಲ್ಲಿ ಹುಡುಕಿದಳು. ಪರದೆಯ ತುಂಬ ಅಂಕಿಗಳ ಸಾಲು.

"ಅತ್ತಿ, ಯಾರೂ ಮುಟ್ಟದs ಇದು ಹೊರಗ ಮಾತಾಡಾಕತ್ತೈತ್ರಿ. ಮೂವತ್ತೇಳು ಕಡೆ."

"ಯಾರ ಜೋಡಿ?"

"ಗೊತ್ತಾಗವಲ್ದು. ಬರೇ ನಂಬರ್ ಅದಾವ."

"ನನ್ನ ಮನ್ಯಾಗ ಕುಂತು, ನನ್ನ ಕರೆಂಟ್ ತಿಂದು, ಊರ ಮಂದಿ ಜೋಡಿ ಹರಟಿ? ಹಚ್ಚು ಫೋನು!"

ಕಂಪ್ಯೂಟರ್ ಕಂಪನಿಯ ಹುಡುಗಿಯ ದನಿ ಜೇನಿನಂತಿತ್ತು. "ಅದು ನಾರ್ಮಲ್ ಮೇಡಂ. ನಿಮ್ಮ ಅನುಭವ ಉತ್ತಮಪಡಿಸಲು."

"ನನ್ನ ಅನುಭವಕ್ಕ ಏನ್ ರೋಗ ಬಂದೈತಿ? ನಲವತ್ತು ವರ್ಷದ್ದದು. ಏನು ಕಳಸ್ತೈತಿ, ಅಷ್ಟು ಹೇಳವಾ."

"ಆ ವಿವರ ನಮಗೂ ಕೊಟ್ಟಿಲ್ಲ ಮೇಡಂ."

"ಬಂದ್ ಮಾಡೂದು ಹ್ಯಾಂಗ?"

"ಪೂರ್ತಿ ಬಂದ್ ಮಾಡಲು ಬರುವುದಿಲ್ಲ ಮೇಡಂ."

ಒಂದು ತಾಸು ಜಂಬಮ್ಮ ಬೈದಳು. ನಾಲ್ಕು ಜನರಿಗೆ ಫೋನು ದಾಟಿಸಿದರು. ನಾಲ್ವರೂ ನಾರ್ಮಲ್ ಎಂದರು.

"ದರ ಇದರಿಂದನs ಹೋತು ಅನ್ನಾಕ ಬರಂಗಿಲ್ರಿ," ಅಂದಳು ಅಮೂಲ್ಯಾ. "ಹೋಗಿಲ್ಲ ಅನ್ನಾಕೂ ಬರಂಗಿಲ್ಲ."

ಜಂಬಮ್ಮ ಫೋನು ಕೆಳಗಿಟ್ಟಳು. ಇಷ್ಟು ತಿಳಿದ ಸೊಸೆಗೇ ಗೊತ್ತಿಲ್ಲದ್ದು, ಹೋದ ವಾರ ತನಗೆ ಮಾತ್ರ ಅಷ್ಟು ಖಚಿತವಾಗಿ ಹೇಗೆ ಗೊತ್ತಿತ್ತು? ಮೆಟ್ಟು ಹಾಕಿಕೊಂಡು ಶಿವಪ್ರಸಾದನ ಮನೆಗೆ ನಡೆದಳು.

ಅವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿದ. "ಕಂಪನಿಯವ್ರನ್ನ ಎಷ್ಟೊತ್ತು ಕೇಳಿದ್ರಿ ಅಕ್ಕಾರ?"

"ಒಂದು ತಾಸು."

"ನನ್ನ ಒಂದು ಮಾತು ಕೇಳಲಿಲ್ಲಲ್ರಿ."

ಜಂಬಮ್ಮ ಕತ್ತು ತಗ್ಗಿಸಿದಳು. "ಕೆಲಸಕ್ಕ ಬಾ."

"ಕಳ್ಳ ಅಂದದ್ದು ಕಟ್ಟಿ ಮ್ಯಾಲ. ಅಲ್ಲ ಅಂತ ಇಲ್ಲಿ ಹೇಳಿದ್ರ ಯಾರು ಕೇಳ್ಯಾರು?"

ಮರುದಿನ ಬಜಾರು ತುಂಬಿದ ಹೊತ್ತಿಗೆ ಜಂಬಮ್ಮ ಕಟ್ಟೆಯ ಮೇಲೆ ನಿಂತು ಗುಡುಗಿದಳು: "ಕೇಳ್ರಿ ಇಲ್ಲಿ! ಶಿವಪ್ರಸಾದ ಕಳ್ಳ ಅಲ್ಲ. ಕಳ್ಳ ಯಾರಂತ ನನಗ ಗೊತ್ತಿಲ್ಲ. ಗೊತ್ತಿಲ್ದs ಬೈದೀನಿ, ತಪ್ಪು ನಂದು!"

ಅವಳ ಸಿಟ್ಟು ಎಷ್ಟಿತ್ತೆಂದರೆ, ಹಿಂದೆ ನಿಂತಿದ್ದ ಹಮಾಲರು ತಮಗೇ ಬೈದಳೆಂದು ಚೀಲ ಎತ್ತತೊಡಗಿದರು. ಕೆಳಗೆ ಗುಂಪಿನಲ್ಲಿ ನಿಂತಿದ್ದ ಶಿವಪ್ರಸಾದ ಮಾತ್ರ ನಿಧಾನವಾಗಿ ಕಟ್ಟೆ ಹತ್ತಿದ.