ಟವರಮ್ಮ ಎಂ.ಎ. ಓದಿದ್ದು

ಬೀದಿಯವರೆಲ್ಲ ಆಕೆಯನ್ನು ಟವರಮ್ಮ ಅನ್ನುತ್ತಿದ್ದರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್, ಭುಜದ ಮೇಲೆ ಪಟ್ಟಿ, ಕಂಡರೆ ಗೇಟಿನ ಕಾವಲಿನವರು ಸೆಲ್ಯೂಟ್ ಹೊಡೆಯುವ ಹುದ್ದೆ. ಅದೆಲ್ಲ ಬೀದಿಗೆ ಯಾತಕ್ಕೆ? ವಿಮಾನ ನಿಲ್ದಾಣದಲ್ಲಿ ದೂರದಿಂದ ಕಣ್ಣಿಗೆ ಬೀಳುವುದು ಟವರು, ಆಕೆ ಕೆಲಸಕ್ಕೆ ಹೋಗುವುದು ಅಲ್ಲಿಗೆ, ಹಾಗಾಗಿ ಟವರಮ್ಮ. ನಿಜ ಹೇಳಬೇಕೆಂದರೆ ಆಕೆ ಟವರಿನ ಮೇಲೆ ಕೂತವಳೇ ಅಲ್ಲ. ಅದರ ಬುಡದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಕೋಣೆಯಲ್ಲಿ ರಾಡಾರ್ ಪರದೆ, ಪರದೆಯ ಮುಂದೆ ಆಕೆಯ ಕುರ್ಚಿ. ದೀಪದ ಬುಡದಲ್ಲೇ ಕತ್ತಲು ಅನ್ನುವ ಹಾಗೆ, ಆಕಾಶ ಕಾಯುವವಳಿಗೆ ಕೆಲಸದ ಹೊತ್ತಿನಲ್ಲಿ ಅಂಗೈಯಗಲ ಆಕಾಶವೂ ಕಾಣುತ್ತಿರಲಿಲ್ಲ.

ಆ ಕೋಣೆಗೊಂದು ಕಟ್ಟುಪಾಡಿತ್ತು. ಕೆಳಗಿನವರು ಹೇಳಿದ್ದನ್ನು ಮೇಲಿರುವ ಪೈಲಟ್ ಹಾಗೆಯೇ ಮರಳಿ ಹೇಳಬೇಕು. ಎಡಕ್ಕೆ ತಿರುಗಿ ಅಂದರೆ, ಎಡಕ್ಕೆ ತಿರುಗುತ್ತಿದ್ದೇನೆ ಅನ್ನಬೇಕು. ಬರೀ ಹೂಂ ಅಂದರೆ ನಡೆಯದು. ಹೂಂ ಅಂದವನು ಬಲಕ್ಕೆ ತಿರುಗಿ ಬೆಟ್ಟಕ್ಕೆ ಹೊಡೆದರೆ ಹೊಣೆ ಯಾರು? ಹೇಳುವುದು, ಮರಳಿ ಹೇಳಿಸಿಕೊಳ್ಳುವುದು, ತಪ್ಪಿದ್ದರೆ ತಿದ್ದುವುದು. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಅದು ಆಕೆಯ ರಕ್ತಕ್ಕೇ ಇಳಿದುಹೋಗಿತ್ತು. ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಸಂಜೆ ಚೀಲ ಹಿಡಿದು ಹೊರಟರೆ ಬಾಗಿಲಲ್ಲೇ ತಡೆಯುತ್ತಿದ್ದಳು.

"ಈರುಳ್ಳಿ, ಸೋಪು, ಗಡಿಯಾರಕ್ಕೆ ಸೆಲ್ಲು."

"ಆಯ್ತು."

"ಏನು ಆಯ್ತು? ಹೇಳಿ ನೋಡೋಣ."

"ಈರುಳ್ಳಿ, ಸೋಪು, ಗಡಿಯಾರಕ್ಕೆ ಸೆಲ್ಲು. ಇನ್ನು ಮೆಟ್ಟಿಲು ಇಳಿಯೋಕೆ ಅಪ್ಪಣೆ ಇದೆಯಾ ಮೇಡಂ?"

ಒಳಗಿನಿಂದ ಅತ್ತೆ ದನಿಗೂಡಿಸುತ್ತಿದ್ದರು. "ಮದುವೆಗೆ ಮುಂಚೆ ನನ್ನ ಮಗ ಹೀಗೆ ಗಿಳಿ ಥರ ಒದರ್ತಿರಲಿಲ್ಲ. ಹೇಳಿದ್ದೊಂದು, ತರ್ತಿದ್ದದ್ದೊಂದು. ಈಗಲೇ ವಾಸಿ ಬಿಡು."

ಇಂಥ ಟವರಮ್ಮನಿಗೆ ನಡುವಯಸ್ಸಿನಲ್ಲಿ ಎಂ.ಎ. ಓದುವ ಗ್ರಹಚಾರ ಬಂತು. ಸುಮ್ಮನೆ ಬಂದದ್ದಲ್ಲ. ಹೊಸ ಅಧಿಕಾರಿಗಳಿಗೆ ಪಾಠ ಹೇಳುವ ಶಾಲೆ ಅದೇ ಊರಿನಲ್ಲಿತ್ತು. ಅಲ್ಲೊಂದು ಮೇಷ್ಟ್ರ ಹುದ್ದೆ ಖಾಲಿಯಾಗುವುದಿತ್ತು. ಅದಕ್ಕೆ ಅಂತರರಾಷ್ಟ್ರೀಯ ಭದ್ರತೆಯಲ್ಲಿ ಎಂ.ಎ. ಆಗಿರಬೇಕು. ಆ ಹುದ್ದೆ ಸಿಕ್ಕರೆ ಮನೆಯಲ್ಲೇ ಇರಬಹುದು. ಸಿಗದಿದ್ದರೆ ಮರಳುಗಾಡಿನ ಅಂಚಿನ ಠಾಣೆಗೆ ವರ್ಗ, ಅಲ್ಲಿಗೆ ಸಂಸಾರ ಕರೆದೊಯ್ಯುವ ಹಾಗಿಲ್ಲ. ಮಗಳು ಹುಟ್ಟಿದ ಮೇಲೆ ಆಕೆ ಹಾಗೆ ಒಂಟಿಯಾಗಿ ಹೋಗಿ ಬಂದದ್ದುಂಟು. ಹಿಂದಿನ ಸಲ ವಾಪಸು ಬಂದ ದಿನ ಮಗಳು ಕಪಾಟಿನಿಂದ ನೆಂಟರಿಗೆ ಇಡುವ ಗಾಜಿನ ಲೋಟ ತೆಗೆದು, ತೊಳೆದು, ಅದರಲ್ಲಿ ನೀರು ತುಂಬಿ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಿತ್ತು. "ಸಾಕಾ, ಇನ್ನೂ ಬೇಕಾ?" ಅಂತ ವಿನಯದಿಂದ ಕೇಳಿತ್ತು. ಟವರಮ್ಮ ಕುಡಿಯದೆ ಲೋಟವನ್ನು ಕೆಳಗಿಟ್ಟಿದ್ದಳು.

ಓದು ದೂರಶಿಕ್ಷಣದ್ದು. ಬೇರೆಬೇರೆ ಠಾಣೆಗಳಲ್ಲಿರುವ ವಾಯುಪಡೆಯ ಅಧಿಕಾರಿಗಳಿಗಾಗಿಯೇ ಒಂದು ವಿಶ್ವವಿದ್ಯಾಲಯ ನಡೆಸುತ್ತಿದ್ದ ಕೋರ್ಸು. ಪುಸ್ತಕ ಅಂಚೆಯಲ್ಲಿ, ಪಾಠ ಲ್ಯಾಪ್‌ಟಾಪಿನಲ್ಲಿ. ಅಡಿಗೆಮನೆಯ ಮೇಜೇ ಕಾಲೇಜು. ಮೇಷ್ಟ್ರು ಬಹಳ ಓದಿಕೊಂಡ ಹಿರಿಯರು, ಆದರೆ ಲ್ಯಾಪ್‌ಟಾಪಿನ ಮುಚ್ಚಳವನ್ನು ಎಷ್ಟು ಬಾಗಿಸಬೇಕೆಂಬ ವಿದ್ಯೆ ಅವರಿಗೆ ಹತ್ತಿರಲಿಲ್ಲ. ಹಾಗಾಗಿ ಪರದೆಯಲ್ಲಿ ಕಾಣುತ್ತಿದ್ದುದು ಅವರ ಹಣೆ, ಅದರ ಮೇಲೆ ತಿರುಗುವ ಫ್ಯಾನು, ಅಷ್ಟೇ.

ಅತ್ತೆ ಒಂದು ದಿನ ಬಗ್ಗಿ ನೋಡಿದರು. "ನಿಮ್ಮ ಮೇಷ್ಟ್ರಿಗೆ ಬಾಯಿ ಇದೆಯೋ ಇಲ್ವೋ?"

"ಇದೆ ಅತ್ತೆ. ಮಾತು ಕೇಳಿಸ್ತಿಲ್ವಾ?"

"ಕೇಳಿಸ್ತಿದೆ. ಫ್ಯಾನೇ ಮಾತಾಡ್ತಿದೆ ಅಂತ ಅನ್ಕೊಂಡೆ."

ಪರೀಕ್ಷೆಗಳೆಲ್ಲ ಮುಗಿದು ಕೊನೆಗೆ ಉಳಿದದ್ದು ದೊಡ್ಡ ಪ್ರಬಂಧ. ವಿಷಯ: ನೆರೆಯ ಎರಡು ದೇಶಗಳ ನಡುವೆ ಬಿಗುವು ಹೆಚ್ಚಿದಾಗ ಆಕಾಶದಲ್ಲಿ ಆಗುವ ತಪ್ಪು ತಿಳಿವಳಿಕೆ ಯುದ್ಧಕ್ಕೆ ತಿರುಗದಂತೆ ತಡೆಯುವುದು ಹೇಗೆ. ರಾತ್ರಿಪಾಳಿ, ಮಗಳ ಕಾಯಿಲೆ ಅಂತ ಮುಂಚೆಯೇ ಗಡುವು ಮುಂದಕ್ಕೆ ಹಾಕಿಸಿಕೊಂಡಾಗಿತ್ತು. ಈ ಸಲ ತಪ್ಪಿದರೆ ಎಂ.ಎ. ಇಲ್ಲ. ಎಂ.ಎ. ಇಲ್ಲದಿದ್ದರೆ ಮರಳುಗಾಡು.

ಟವರಮ್ಮ ತಾನು ಬಲ್ಲ ರೀತಿಯಲ್ಲೇ ಕೆಲಸಕ್ಕೆ ಕೂತಳು. ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಮರಳಿ ಹೇಳಿದಳು, ಹಾಗೆಯೇ ಬರೆದಳು. ದೊಡ್ಡ ನಾಯಕರ ನಡುವಿನ ನೇರ ಮಾತೇ ಮುಖ್ಯ ಅಂತ ಅವರೆಂದರು, ಬರೆದಳು. ಒಂದು ಕಡೆ "ಇದು ಸಾಲದು" ಎಂದಿದ್ದರು, ಸೇರಿಸಿದಳು. ಅದೇ ಮಾತಿಗೆ ಇನ್ನೊಂದು ಕಡೆ "ಇದು ಅತಿಯಾಯಿತು" ಎಂದಿದ್ದರು, ಅಲ್ಲಿ ಕತ್ತರಿಸಿದಳು. ತಿದ್ದಿದ ಪ್ರತಿ ಕಳಿಸಿ ನಿರಾಳವಾಗಿ ಬಟ್ಟೆ ಒಗೆಯಲು ಹಾಕಿದಳು.

ಮರುವಾರ ಹಣೆ ಮತ್ತು ಫ್ಯಾನು ಪರದೆಯ ಮೇಲೆ ಬಂದವು.

"ಅಮ್ಮಾ, ನಿಮ್ಮ ಶಿಫಾರಸುಗಳ ಪುಟ ತೆಗೀರಿ. ಕೊನೇದು ಓದಿ."

ಟವರಮ್ಮ ಓದಿದಳು: "ಬಿಗುವಿನ ಸಮಯದಲ್ಲಿ ಉಭಯ ಪಕ್ಷಗಳ ಸಚಿವರನ್ನು ಒಂದು ಕಿರಿದಾದ ಸ್ಥಳದಲ್ಲಿ ಒಟ್ಟಿಗೆ ಇರಿಸತಕ್ಕದ್ದು."

"ಇದು ಎಲ್ಲಿಂದ ಬಂತು?"

"ನೀವೇ ಹೇಳಿದ್ರಿ ಸರ್. ಎರಡೂ ಕಡೆ ಮಂತ್ರಿಗಳನ್ನ ಒಂದು ಲಿಫ್ಟಲ್ಲಿ ಹಾಕಿ ಕರೆಂಟ್ ತೆಗೆದ್ರೆ ಎಲ್ಲ ಸರಿಹೋಗುತ್ತೆ ಅಂತ."

"ತಮಾಷೆಗೆ ಹೇಳಿದ್ದಮ್ಮ ಅದು."

ಟವರಮ್ಮನ ರೇಡಿಯೋದಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಅಲ್ಲಿ ಬಂದ ಮಾತೆಲ್ಲ ಮಾತೇ.

"ಇಡೀ ಪ್ರಬಂಧ ಓದಿದೆ," ಅಂದರು ಮೇಷ್ಟ್ರು, ಸಿಟ್ಟಿಲ್ಲದೆ. "ಒಂದು ತಪ್ಪಿಲ್ಲ. ಆದರೆ ಇದು ನಾನು ಬರೆದದ್ದು. ನನ್ನ ಮಾತನ್ನ ಒಗೆದು, ಇಸ್ತ್ರಿ ಮಾಡಿ, ಮಡಿಚಿ ನನಗೇ ಕೊಟ್ಟಿದೀರಿ. ನೀವೆಲ್ಲಿದೀರಿ ಇದರಲ್ಲಿ? ಹೀಗೇ ಕೊಟ್ಟರೆ ಪರೀಕ್ಷಕರು ಪಾಸು ಮಾಡಲ್ಲ. ನಾನೂ ಮಾಡಿ ಅನ್ನಲ್ಲ."

ಆ ಸಂಜೆ ಗಂಡ ತರಕಾರಿ ಚೀಲ ಇಳಿಸುವಷ್ಟರಲ್ಲಿ ಹೆಂಡತಿಯ ಮುಖ ನೋಡಿದ. ಆಕೆ ಈರುಳ್ಳಿ ಎಣಿಸಲಿಲ್ಲ, ಸೋಪು ಕೇಳಲಿಲ್ಲ. ಏನೋ ಆಗಿದೆ ಅಂತ ಗೊತ್ತಾಯಿತು. ವಿಷಯ ಕೇಳಿ, ಕುರ್ಚಿ ಎಳೆದುಕೊಂಡು ಕೂತ.

"ಸರಿ, ನಿನಗೇನನ್ಸುತ್ತೆ ಅದರ ಬಗ್ಗೆ?"

"ನನಗನ್ಸೋದನ್ನ ಯಾರು ಕೇಳಿದ್ರು ಇಷ್ಟು ವರ್ಷ?"

"ಈಗ ಮೇಷ್ಟ್ರು ಕೇಳ್ತಿದಾರಲ್ಲ. ಸಂಬಳ ತಗೊಂಡು ಕೇಳ್ತಿದಾರೆ."

"ಅವರು ಹೇಳಿದ್ದು ತಪ್ಪು ಅಂತ ಹೇಗ್ರೀ ಬರೆಯೋದು?"

"ಓಹೋ. ತಪ್ಪು ಅಂತ ಅನ್ಸಿದೆ ಹಾಗಾದ್ರೆ." ಗಂಡ ನಕ್ಕ. "ನನ್ನ ಹತ್ರ ದಿನಕ್ಕೆ ಹತ್ತು ಸಲ ಹೇಳ್ತೀಯ. ಆ ಧೈರ್ಯವೇ ಸ್ವಲ್ಪ ಅಲ್ಲಿಗೂ ಕಳಿಸು."

ಅನ್ನಿಸಿದ್ದೇನೋ ಇತ್ತು. ಆಕೆಯ ಕೋಣೆಯಲ್ಲಿ, ಪರದೆಯ ಪಕ್ಕ, ಗುಂಡಿಗಳಿಲ್ಲದ ಒಂದು ಫೋನಿತ್ತು. ಎತ್ತಿದರೆ ಸೀದಾ ಗಡಿಯಾಚೆ ಇಂಥದೇ ಕೋಣೆಯಲ್ಲಿ ಕೂತವರಿಗೆ. ಪ್ರಯಾಣಿಕರ ವಿಮಾನ ಈ ಆಕಾಶದಿಂದ ಆ ಆಕಾಶಕ್ಕೆ ದಾಟುವಾಗ, ಇಗೋ ನಿಮ್ಮದು ಅಂತ ಒಪ್ಪಿಸಬೇಕಲ್ಲ, ಅದಕ್ಕೆ. ಹಿಂದೊಮ್ಮೆ ಎರಡು ದೇಶಗಳ ಮುಖ ಕೆಟ್ಟಿತ್ತು. ರಾಯಭಾರಿಗಳು ಪೆಟ್ಟಿಗೆ ಕಟ್ಟಿಕೊಂಡು ವಾಪಸಾಗಿದ್ದರು, ಟೀವಿಯಲ್ಲಿ ಎರಡೂ ಕಡೆಯವರು ತೋಳೇರಿಸುತ್ತಿದ್ದರು. ಆಗಲೂ ಆ ಫೋನು ದಿನದಂತೆ ಗುಣುಗುಣು ಅನ್ನುತ್ತಲೇ ಇತ್ತು. ಆ ವಾರವೇ ಒಂದು ಮಧ್ಯಾಹ್ನ ಆಚೆಯವನು ತಾನಾಗಿ ಕರೆದ. ಅವನ ಮುಖ ಆಕೆ ಕಂಡಿಲ್ಲ, ದನಿ ಮಾತ್ರ ಗೊತ್ತು, ಸದಾ ನೆಗಡಿಯಾದಂಥ ದನಿ. "ನಿಮ್ಮ ತರಬೇತಿ ವಿಮಾನವೊಂದು ಮೋಡ ತಪ್ಪಿಸೋಕೆ ಹೋಗಿ ನಮ್ಮ ಕಡೆ ವಾಲ್ತಿದೆ. ಕರ್ಕೊಳ್ಳಿ," ಅಂದ. ಕರೆದುಕೊಂಡಳು. ಉಗುರಲ್ಲಿ ಹೋಗುವುದಕ್ಕೆ ಅಂದು ಯಾರೂ ಕೊಡಲಿ ಎತ್ತಲಿಲ್ಲ. ಟೀವಿಯಲ್ಲೂ ಬರಲಿಲ್ಲ. ನಾಯಕರ ಮಾತು ನಿಂತಾಗಲೂ ಕೆಳಗಿನವರ ಮಾತು ನಿಲ್ಲದಿದ್ದರೆ ಅರ್ಧ ಅನಾಹುತ ತಪ್ಪುತ್ತದೆ ಎಂಬುದು ಆಕೆಯ ಮನಸ್ಸಿನ ಮಾತು.

ಅದನ್ನು ಮೂರನೆಯ ಅಧ್ಯಾಯವಾಗಿ ಬರೆದಳು. ಸಮವಸ್ತ್ರದವರು ಬರೆದದ್ದು ಹೊರಗೆ ಹೋಗಬೇಕಾದರೆ ಠಾಣೆಯ ಭದ್ರತಾ ಅಧಿಕಾರಿಯ ಕಣ್ಣು ದಾಟಬೇಕು. ಆತ ಓದಿ ಕೆಂಪು ಪೆನ್ನು ತೆಗೆದ. "ಮೇಡಂ, ಫೋನಿದೆ ಅಂತ ಊರಿಗೇ ಗೊತ್ತು, ಇರಲಿ. ಆ ಮಧ್ಯಾಹ್ನದ ಕಥೆ ಬೇಡ." ಕಥೆ ಹೋಯಿತು, ಅಭಿಪ್ರಾಯ ಉಳಿಯಿತು. ಹಾಗೆ ಉಳಿದದ್ದನ್ನೇ ಮೇಷ್ಟ್ರಿಗೆ ಕಳಿಸಿದಳು. ಮಾತಾಡೋಣ, ಶುಕ್ರವಾರ, ಅಂತ ಉತ್ತರ ಬಂತು.

ಶುಕ್ರವಾರ ಬೆಳಿಗ್ಗೆ ಆಕೆಗೆ ಕೆಲಸವಿತ್ತು. ಸರಕಿನ ವಿಮಾನವೊಂದಕ್ಕೆ ಮೇಲಕ್ಕೇರಲು ಹೇಳಿದಳು. ಪೈಲಟ್ ಮರಳಿ ಹೇಳಲಿಲ್ಲ. "ಆಗಲ್ಲ, ತೂಕ ಜಾಸ್ತಿಯಿದೆ," ಅಂದ, ಬಹಳ ಸಮಾಧಾನದ ದನಿಯಲ್ಲಿ. ಆಕೆಯೂ ಅಷ್ಟೇ ಸಮಾಧಾನದಿಂದ ಬೇರೆ ದಾರಿ ಕೊಟ್ಟಳು. ಮುಂದಿನ ವಿಮಾನಕ್ಕೆ ತಿರುಗುವ ಹೊತ್ತಿಗೆ ಕೈ ತಡೆಯಿತು. ಈ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿಲ್ಲ! ಆಗಲ್ಲ ಅಂದ ಒಬ್ಬನ ಮೇಲೂ ತಾನು ಮುನಿಸಿಕೊಂಡದ್ದಿಲ್ಲ. ಮೇಲಿರುವವನಿಗೆ ಕಾಣುವುದು ಕೆಳಗಿರುವವಳಿಗೆ ಕಾಣುವುದಿಲ್ಲ, ಆದ್ದರಿಂದ ಅವನು ಆಗಲ್ಲ ಅನ್ನಲೇಬೇಕು. ಮರಳಿ ಹೇಳುವುದು ಎಷ್ಟು ಕಟ್ಟುಪಾಡೋ ಇದೂ ಅಷ್ಟೇ ಕಟ್ಟುಪಾಡು. ಆಗಲ್ಲ ಅನ್ನುವುದನ್ನು ಕೇಳಿಸಿಕೊಳ್ಳುವ ಜಾಗದಲ್ಲೇ ಸದಾ ಕೂತವಳಿಗೆ, ಅದನ್ನು ಹೇಳುವ ಜಾಗವೂ ಒಂದಿದೆ ಅಂತ ಹೊಳೆದಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದಳು.

"ಮೂರನೇ ಅಧ್ಯಾಯ ಚೆನ್ನಾಗಿದೆ, ಆದರೆ ಕಾಲಿಲ್ಲದ ಕುರ್ಚಿ," ಅಂದರು ಮೇಷ್ಟ್ರು. "ಆಧಾರ ಇಲ್ಲ. ಜಗಳ ಬಂದಾಗ ಮೊದಲು ಹರಿಯೋದೇ ಇಂಥ ಸಣ್ಣ ದಾರಗಳು ಅಂತ ನನ್ನ ಅಭಿಪ್ರಾಯ. ತೆಗೆದುಬಿಡಿ."

"ಮೂರನೇ ಅಧ್ಯಾಯ," ಅಂತ ನಾಲಿಗೆ ತಾನಾಗಿಯೇ ಶುರುಮಾಡಿತು. ಟವರಮ್ಮ ಅದನ್ನು ಅಲ್ಲೇ ನಿಲ್ಲಿಸಿದಳು.

"ಆಗಲ್ಲ ಸರ್."

ಫ್ಯಾನು ತಿರುಗುತ್ತಿತ್ತು. "ಯಾಕೆ?"

"ನಾನು ಕೂತಿರೋ ಕಡೆಯಿಂದ ಕಾಣೋದು ನಿಮಗೆ ಅಲ್ಲಿಂದ ಕಾಣಲ್ಲ. ಕಂಡದ್ದನ್ನ ಬರೆಯೋ ಹಾಗಿಲ್ಲ, ನಿಜ. ಆದರೆ ಬೇರೆಬೇರೆ ದೇಶಗಳು ಹೊರಗೆ ಹಾಕಿರೋ ತನಿಖಾ ವರದಿಗಳಿವೆ. ಇಂಥ ಫೋನ್ ಇದ್ದ ಕಡೆ ಏನಾಯ್ತು, ಇಲ್ಲದ ಕಡೆ ಏನಾಯ್ತು, ಎರಡನ್ನೂ ಪಕ್ಕಪಕ್ಕ ಇಡ್ತೀನಿ. ಕುರ್ಚಿಗೆ ಕಾಲು ಹಾಕೋದು ನನ್ನ ಜವಾಬ್ದಾರಿ."

ಅಷ್ಟು ದಿನದಲ್ಲಿ ಮೊದಲ ಸಲ ಮೇಷ್ಟ್ರು ಬಗ್ಗಿದರು. ಪರದೆಯ ಮೇಲೆ ಕಣ್ಣು ಬಂತು, ಮೂಗು ಬಂತು, ಬಿಳಿ ಮೀಸೆಯ ಕೆಳಗೆ ಬಾಯಿಯೂ ಬಂತು. "ಹಾಕಿ ನೋಡೋಣ. ಆದರೆ ಮೌಖಿಕ ಪರೀಕ್ಷೆ ದಿನ ನಾನೂ ಅಲ್ಲೇ ಇರ್ತೀನಿ. ಅಲುಗಾಡಿಸಿ ನೋಡ್ತೀನಿ."

ಆಮೇಲಿನ ದಿನಗಳಲ್ಲಿ ಅಡಿಗೆಮನೆಯ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ವರದಿ ಓದಿ ಓದಿ ಟವರಮ್ಮನ ಕಣ್ಣು ಹುಣಸೆಹಣ್ಣಾಯಿತು. ಮನೆಯವರು ತಟ್ಟೆ ಹಿಡಿದು ಸೋಫಾದ ಮೇಲೆ, ಮೆಟ್ಟಿಲ ಮೇಲೆ ಉಂಡರು. ಗಡುವಿನೊಳಗೆ ಪ್ರಬಂಧ ಹೋಯಿತು.

ಮೌಖಿಕ ಪರೀಕ್ಷೆಯೂ ಲ್ಯಾಪ್‌ಟಾಪಿನಲ್ಲೇ, ಅದಕ್ಕೆ ಮಗಳ ಕೋಣೆ ಖಾಲಿ ಮಾಡಿದರು. ಅತ್ತೆ ಹೊರಗೆ ಕುರ್ಚಿ ಹಾಕಿ ಕಾವಲು ಕೂತರು. ಗ್ಯಾಸ್ ಸಿಲಿಂಡರಿನವನು ಗಂಟೆ ಒತ್ತಿದಾಗ, "ಒಳಗೆ ಯುದ್ಧ ನಿಲ್ಲಿಸ್ತಿದಾರೆ, ಆಮೇಲೆ ಬಾ," ಅಂತ ಕಳಿಸಿದರು.

ಒಳಗೆ ಮೇಷ್ಟ್ರು ಮಾತಿನಂತೆ ಅಲುಗಾಡಿಸಿದರು. ಬೇರೆ ವಿಶ್ವವಿದ್ಯಾಲಯದ ಪರೀಕ್ಷಕಿ ಇನ್ನೂ ಜೋರು. "ನಿಮ್ಮ ಫೋನುಗಳು ಅಷ್ಟು ಒಳ್ಳೆಯವಾದರೆ ಯುದ್ಧಗಳು ಯಾಕಮ್ಮ ಆಗ್ತವೆ?"

ಟವರಮ್ಮ ಅವಸರ ಮಾಡಲಿಲ್ಲ. "ಬೇಕು ಅಂತ ಮಾಡೋ ಯುದ್ಧ ನಿಲ್ಲಿಸೋದು ನಮ್ಮ ಕೈಲಿಲ್ಲ ಮೇಡಂ. ಬೇಡದೇ ಇದ್ದರೂ ತಪ್ಪಿನಿಂದ ಶುರುವಾಗೋದು ಒಂದಿದೆ. ಆ ಬಾಗಿಲಲ್ಲಿ ಮಾತ್ರ ನಾವು ಕೂತಿರೋದು. ನಾನು ಬರೆದದ್ದು ಆ ಬಾಗಿಲ ಬಗ್ಗೆ."

ಪರೀಕ್ಷಕಿ ಏನನ್ನೋ ಗುರುತು ಹಾಕಿಕೊಂಡರು. ಒಪ್ಪಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

ಉತ್ತರ ಬರುವುದು ತಡವಾಯಿತು. ಅಷ್ಟರಲ್ಲಿ ವರ್ಗಾವಣೆಯ ಮಾತು ಎಲ್ಲೆಡೆ ಹಬ್ಬಿ, ಅತ್ತೆ ಒಂದು ಬೆಳಿಗ್ಗೆ ಅಟ್ಟದಲ್ಲಿದ್ದ, ಸೊಸೆ ವರ್ಗವಾದಾಗ ಒಯ್ಯುವ ಕಪ್ಪು ಟ್ರಂಕನ್ನು ಮಗನಿಂದ ಇಳಿಸಿ, ಒರೆಸಿ, ಬಿಸಿಲಿಗೆ ಬಾಯಿ ತೆರೆದಿಟ್ಟರು. ಮನೆಯವರೆಲ್ಲ ಅದನ್ನು ಸುತ್ತುಹಾಕಿ ಓಡಾಡಿದರು. ಮಗಳು ಮಾತ್ರ ಎರಡು ಸಲ ಮುಚ್ಚಳ ಹಾಕಿತು. ಅತ್ತೆ ಎರಡು ಸಲ ತೆಗೆದರು.

ಮೂರನೆಯ ದಿನ ಮೇಷ್ಟ್ರ ಫೋನು ಬಂತು. "ಪಾಸಾಗಿದೀರಿ. ತುಂಬಾ ಒಳ್ಳೇ ಅಂಕ ಅಂತ ಹೇಳಲ್ಲ. ನನಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಈ ಸಲ ಒಪ್ಪದೇ ಇರೋಕೆ ಎದುರಿಗೆ ಒಬ್ಬರಿದ್ದರು. ಅಷ್ಟು ಸಾಕು." ಸಂಜೆಯ ಹೊತ್ತಿಗೆ ಅಧಿಕಾರಿಗಳ ಶಾಲೆಯಿಂದಲೂ ಸುದ್ದಿ ಬಂತು: ಮುಂದಿನ ತಿಂಗಳಿಂದ ಪಾಠ ಹೇಳಲು ಬರಬೇಕು.

ಟವರಮ್ಮ ಹಿತ್ತಿಲಿಗೆ ಹೋದಳು. ಮಗಳು ಟ್ರಂಕಿನೊಳಗೆ ಕಾಲು ಮಡಿಚಿ ಕೂತು ಏನೋ ತಿನ್ನುತ್ತಿತ್ತು.

"ಏಳು, ಅದು ಅಟ್ಟಕ್ಕೆ ಹೋಗಬೇಕು."

"ನೀನು ಹೋಗಲ್ವಾ?"

"ಇಲ್ಲ. ಅದೊಂದೇ ಹೋಗೋದು."

ಮಗಳು ತಕ್ಷಣ ಏಳಲಿಲ್ಲ. ಕೈಯಲ್ಲಿದ್ದ ಬಿಸ್ಕತ್ತನ್ನು ಮುರಿದು, ಕಚ್ಚಿದ ಕಡೆಯದನ್ನು ತಾಯಿಗೆ ಕೊಟ್ಟು, ಕಚ್ಚದಿದ್ದ ದೊಡ್ಡ ಚೂರನ್ನು ತಾನಿಟ್ಟುಕೊಂಡಿತು. ನೆಂಟರಿಗೆ ಯಾರೂ ಹಾಗೆ ಕೊಡುವುದಿಲ್ಲ. ಟವರಮ್ಮ ಟ್ರಂಕಿನ ಅಂಚಿನ ಮೇಲೆ ಕೂತು ತಿಂದಳು.